ಭಾವನ ಹೆಸರಿಗೆ ಬರುತ್ತಿದ್ದ ಡಿವಿಡೆಂಡು

ಅದು ೧೯೬೨ನೆಯ ಇಸವಿ. ಆಗ ನನಗೆ ಮೂವತ್ತನಾಲ್ಕು ವರ್ಷ. ಹೊಳೆನರಸೀಪುರದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಗಂಡನನ್ನು ಕಳೆದುಕೊಂಡಿದ್ದ ನನ್ನ ಅಕ್ಕ ಅದೇ ಊರಿನ ಬಾಡಿಗೆ ಮನೆಯೊಂದರಲ್ಲಿದ್ದಳು, ಮಕ್ಕಳಿರಲಿಲ್ಲ. ಭಾವ ಬಿಟ್ಟುಹೋದದ್ದು ಒಂದು ಸಕ್ಕರೆ ಕಾರ್ಖಾನೆಯ ಕೆಲವು ಷೇರುಗಳನ್ನು ಮಾತ್ರ. ಅವುಗಳ ಲಾಭಾಂಶವಾದ ಡಿವಿಡೆಂಡಿನ ಚೆಕ್ಕು ಭಾವನ ಹೆಸರಿಗೇ ಅಂಚೆಯಲ್ಲಿ ಬಂದು, ಗಂಡಹೆಂಡಿರ ಜಂಟಿ ಬ್ಯಾಂಕು ಖಾತೆಗೆ ಸೇರುತ್ತಿದ್ದುದರಿಂದ, ಭಾವ ತೀರಿಕೊಂಡ ಸಂಗತಿಯನ್ನು ಕಂಪನಿಗೆ ಯಾರೂ ತಿಳಿಸಿರಲಿಲ್ಲ.

ಡಿವಿಡೆಂಡು ಕಳುಹಿಸುವ ಮೊದಲೇ ಕಂಪನಿಯು ಆದಾಯ ತೆರಿಗೆಯನ್ನು ಮುರಿದುಕೊಂಡು, ಅದಕ್ಕೊಂದು ಪ್ರಮಾಣಪತ್ರವನ್ನು ಲಗತ್ತಿಸುತ್ತಿತ್ತು. ಅಕ್ಕನ ವರಮಾನವು ತೆರಿಗೆಯ ಮಿತಿಯನ್ನು ಮುಟ್ಟುತ್ತಿರಲಿಲ್ಲ. ಅರ್ಜಿ ಹಾಕಿದರೆ ಆ ಹಣ ಹಿಂದಿರುಗಬೇಕು. ಬಾಡಿಗೆಗಾಗಿ ತಮ್ಮನಾದ ನನ್ನ ಮುಂದೆ ಕೈಯೊಡ್ಡುವುದು ಅವಳಿಗೆ ಸಂಕಟವಾಗಿತ್ತು. ಇಬ್ಬರೂ ಹಾಸನದ ಆದಾಯ ತೆರಿಗೆ ಕಚೇರಿಗೆ ಹೋದೆವು.

"ಇದು ತೀರ್ಕೊಂಡೋರ ಹೆಸರಲ್ಲೈತಲ್ಲ ಮೇಷ್ಟ್ರೇ," ಎಂದರು ಗುಮಾಸ್ತರು. "ಮೊದ್ಲು ಷೇರು ಅಮ್ಮನೋರ ಹೆಸರಿಗಾಗ್ಲಿ. ಆಮೇಲೆ ಬರೋ ಡಿವಿಡೆಂಡಿಗೆ ಇವ್ರೇ ಅರ್ಜಿ ಹಾಕ್ಬೋದು."

ರೈಲಿನಲ್ಲಿ ಹಿಂದಿರುಗಿದೆವು. ಮನೆ ಸೇರಿದ ಮೇಲೆ ಅಕ್ಕ, "ಬ್ಯಾಡ ಕಣೋ. ದುಡ್ಡು ಹೋದ್ರೆ ಹೋಗ್ಲಿ" ಎಂದಳು.

"ಯಾಕಕ್ಕ? ನಿಂಗೇ ಬರಬೇಕಾದ ದುಡ್ಡಲ್ವಾ?"

"ಅವರಿದ್ದಾಗ್ಲೂ ಅವರ ಹೆಸರನ್ನ ನಾನು ಬಾಯಲ್ಲಿ ಹೇಳ್ದೋಳಲ್ಲ. ಈಗ ಅಂಚೆಯೋನೊಬ್ನೇ ಬಾಗಿಲಲ್ಲಿ ನಿಂತು ಕೂಗೋದು. ಅದನ್ನೂ ಅಳಿಸ್ಬಿಡ್ತೀಯೇನೋ?"

ಗಂಡನ ಹೆಸರನ್ನು ಹೆಂಡತಿ ಉಚ್ಚರಿಸಬಾರದೆಂಬುದು ನಮ್ಮ ಮನೆತನದ ಕಟ್ಟುಪಾಡು. ನಾನೂ 'ಭಾವ' ಎಂದೇ ಕರೆದವನು. ಪ್ರಮಾಣಪತ್ರಗಳನ್ನು ಮಡಿಸಿ ಅವಳ ಪೆಟ್ಟಿಗೆಯಲ್ಲಿಟ್ಟೆ.

ಮರುವರ್ಷ ಮನೆಯೊಡೆಯ ಬಾಡಿಗೆಯನ್ನು ಏರಿಸಿದ. ಅಕ್ಕ ತಾನಾಗಿಯೇ ನಮ್ಮ ಮನೆಗೆ ಬಂದು, "ರುಜು ಎಲ್ಲಿ ಹಾಕ್ಬೇಕು ತೋರ್ಸು" ಎಂದಳು. ಷೇರುಗಳನ್ನು ಅವಳ ಹೆಸರಿಗೆ ಮಾಡಿಸಲು ಬೇಕಾದ ಕಾಗದಪತ್ರಗಳನ್ನೆಲ್ಲ ಕಂಪನಿಗೆ ಕಳುಹಿಸಿದೆ.

ಮುಂದಿನ ಡಿವಿಡೆಂಡು ಬಂದಾಗ ನಾನು ಅಕ್ಕನ ಮನೆಯಲ್ಲಿಯೇ ಇದ್ದೆ. ಅಂಚೆಯವನು ರೂಢಿಯಂತೆ ಭಾವನ ಹೆಸರನ್ನೇ ಕೂಗಿದವನು, ಲಕೋಟೆಯನ್ನು ನೋಡಿ ನಾಲಗೆ ಕಚ್ಚಿಕೊಂಡ.

"ತಪ್ಪಾಯ್ತು ಕಣವ್ವಾ. ಈ ಸಲ ನಿಮ್ಮೆಸ್ರಿಗೇ ಬಂದೈತೆ."

"ಇರ್ಲಿ ಕಣಪ್ಪ," ಎಂದಳು ಅಕ್ಕ. "ಇನ್ನೊಂದ್ಸಲ ಹಂಗೇ ಕೂಗು."

ಅವನು ನನ್ನ ಮುಖ ನೋಡಿದ. ಬಳಿಕ ಕೂಗಿದ; ಮೊದಲಿನಷ್ಟು ಗಟ್ಟಿಯಾಗಿ ಅಲ್ಲ. ಅಕ್ಕ ಸೆರಗಿನಿಂದ ಕೈಯೊರೆಸಿಕೊಂಡು ಲಕೋಟೆಯನ್ನು ತೆಗೆದುಕೊಂಡಳು.

ಆ ಆರ್ಥಿಕ ವರ್ಷ ಮುಗಿದ ಮೇಲೆ ಅವಳ ಹೆಸರಿನ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಿದೆವು. ಮುರಿದುಕೊಂಡಿದ್ದ ತೆರಿಗೆ ಅಕ್ಕನ ಕೈಸೇರಿದ್ದು ೧೯೬೪ನೆಯ ಇಸವಿ ನವೆಂಬರ್ ಹನ್ನೆರಡನೆಯ ತಾರೀಖು, ಗುರುವಾರ.