ಹಾರಿಸಿದ ಒಂದು ದಿನ

ಆ ಭಾನುವಾರ ಚರ್ಚಿನ ಆರಾಧನೆ ಮುಗಿಸಿ ಬಂದ ನನ್ನ ಗಂಡ ಅಂಗಿ ಕೂಡ ಬದಲಿಸದೆ ಮೇಜಿಗೆ ಕೂತು, ಎಡಗೈ ಹರಡಿ ಗೆಣ್ಣು ಎಣಿಸತೊಡಗಿದರು. ಹದಿನಾಲ್ಕು ಗೆಣ್ಣು, ಐದು ಉಗುರು, ಒಟ್ಟು ಹತ್ತೊಂಬತ್ತು; ಚಂದ್ರನ ಲೆಕ್ಕದ ಒಂದು ಸುತ್ತಿಗೆ ಅಷ್ಟೇ ವರ್ಷವಂತೆ. ಹುಣ್ಣಿಮೆ ನೋಡಿ ಬರುವ ಈಸ್ಟರ್ ಹಬ್ಬದ ದಿನವನ್ನು ಅವರು ಹೀಗೆ ಕೈಮೇಲೆ ಹುಡುಕುತ್ತಿದ್ದರು. ಸಾವಿರದ ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಮಠವೊಂದರಲ್ಲಿದ್ದ ಸನ್ಯಾಸಿಯಿಂದ ಕಲಿತದ್ದು ಎನ್ನುತ್ತಿದ್ದರು, ನಿನ್ನೆ ಬಸ್ಸಿನಲ್ಲಿ ಸಿಕ್ಕವನ ಮಾತು ಹೇಳುವಂತೆ.

"ಏಳು ವರ್ಷಕ್ಕೆ ಮಠ ಸೇರಿದೋನು, ಸಾಯೋ ತನಕ ಹೆಚ್ಚು ದೂರ ಹೋಗ್ಲೇ ಇಲ್ಲ ಕಣೇ. ನನ್ ಥರ. ಮಲ್ಲೇಶ್ವರ ಬಿಟ್ರೆ ಮೆಜೆಸ್ಟಿಕ್ಕು."

ಹಳ್ಳಿಯ ಕ್ರೈಸ್ತ ಸಭೆಗಳಿಗೆ ಪಾದ್ರಿಗಳನ್ನು ತಯಾರು ಮಾಡುವ ಸಣ್ಣ ಶಾಲೆಯಲ್ಲಿ ಅವರು ಸಭಾ ಚರಿತ್ರೆ ಕಲಿಸುತ್ತಿದ್ದರು. ಕನ್ನಡದಲ್ಲಿ ಪುಸ್ತಕವಿರಲಿಲ್ಲ. ತಾವೇ ಪಾಠ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದರು. ಬರೆದದ್ದನ್ನೆಲ್ಲ ಮೊದಲು ನನಗೆ ಓದುವರು. ನಾನು ಓದಿದ್ದು ಏಳನೆಯ ತರಗತಿ.

"ನಿಂಗೆ ಅರ್ಥ ಆದ್ರೆ ನನ್ನ ಹುಡುಗರಿಗೂ ಆಗುತ್ತೆ."

"ಅಂದ್ರೆ ನಾನು ದಡ್ಡಿ ಅಂತ ತಾನೇ?"

"ಅಲ್ವೇ. ಅರ್ಥ ಆಗ್ದೆ ನೀನು ತಲೆ ಆಡಿಸಲ್ಲ. ಅವರು ಆಡಿಸ್ತಾರೆ."

ಅದು ನಿಜ. ಅಕ್ಕಿ ಆರಿಸುತ್ತಲೇ ಒಂದು ಪುಟವನ್ನು ನಾಲ್ಕು ಸಲ ಬರೆಸಿದ್ದೆ. ಆ ಸನ್ಯಾಸಿಯ ನಾಡಿನ ಅರಸ ಈಸ್ಟರ್ ಊಟಕ್ಕೆ ಕೂತಾಗ, ಹಬ್ಬವನ್ನು ಬೇರೆ ರೀತಿ ಎಣಿಸುವ ರಾಣಿಗೆ ಇನ್ನೂ ಉಪವಾಸ. ಒಂದೇ ಅರಮನೆ, ಎರಡು ಲೆಕ್ಕ. "ಹಾಗಾದ್ರೆ ಅಡಿಗೆಯವನ ಗತಿ ಏನ್ರೀ?" ಎಂದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮರುದಿನ ತರಗತಿಯಲ್ಲೂ ಅದನ್ನು ಹೇಳಿದರಂತೆ, "ನಮ್ಮ ಮನೆಯವರು ಕೇಳಿದ್ದು" ಎಂದು. ಯಾವ ಮಾತು ಯಾರಿಂದ ಬಂತೆಂದು ತಪ್ಪದೆ ಹೇಳುವುದನ್ನೂ ಆ ಸನ್ಯಾಸಿಯಿಂದಲೇ ಕಲಿತಿದ್ದರು.

ಆ ವರ್ಷ ಅವರಿಗೆ ಉಸಿರು ಕಟ್ಟತೊಡಗಿತ್ತು. ಸಂಪಿಗೆ ರಸ್ತೆಯವರೆಗೆ ಹೋದರೂ ಕೂರಲು ಕಟ್ಟೆ ಹುಡುಕುವರು. ಹೃದಯ ದೊಡ್ಡದಾಗಿದೆ, ಪೂರ್ತಿ ವಿಶ್ರಾಂತಿ ಬೇಕು ಎಂದಿದ್ದರು ಡಾಕ್ಟರು. ಅವರು ಬರೆಯುವಾಗ ನಾನು ಅಡಿಗೆಮನೆಯಿಂದಲೇ ಕೆಮ್ಮು ಎಣಿಸುತ್ತಿದ್ದೆ. ಕೆಮ್ಮು ಕೇಳದಿದ್ದರೆ ಬಾಗಿಲಿಗೆ ಬಂದು ಇಣುಕುತ್ತಿದ್ದೆ.

ಆ ಭಾನುವಾರ ಪಾಠದ ಕೊನೆಯ ವಾಕ್ಯ ಓದಿದರು: ಹತ್ತೊಂಬತ್ತು ವರ್ಷಕ್ಕೊಮ್ಮೆ ಚಂದ್ರನ ಲೆಕ್ಕದಲ್ಲಿ ಒಂದು ದಿನವನ್ನು ಹಾರಿಸಬೇಕು, ಇಲ್ಲದಿದ್ದರೆ ಹುಣ್ಣಿಮೆ ತಪ್ಪುತ್ತದೆ.

"ಅರ್ಥ ಆಯ್ತಾ?"

ಆಗಿರಲಿಲ್ಲ. ಇರುವ ದಿನವನ್ನು ಹಾರಿಸುವುದು ಹೇಗೆ? ಕೇಳಿದರೆ ಮತ್ತೆ ಬರೆಯಲು ಕೂರುವರು. ಅವರ ತುಟಿ ನೀಲಿಗಟ್ಟಿತ್ತು.

"ಆಯ್ತು. ಊಟ ಮಾಡಿ ಮಲಕ್ಕೊಳ್ಳಿ."

"ನಿಜವಾಗ್ಲೂ?"

"ಆಯ್ತು ಅಂದ್ನಲ್ಲ ರೀ!"

ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

ಸೋಮವಾರ ಬೆಳಿಗ್ಗೆ ಹಾಳೆಗಳನ್ನು ಶಾಲೆಗೆ ಕಳಿಸಿದರು. ಮಧ್ಯಾಹ್ನ ಎದೆ ಹಿಡಿದುಕೊಂಡರು. ಆಟೋ ಆಸ್ಪತ್ರೆ ಮುಟ್ಟುವವರೆಗೆ ನನ್ನ ಕೈ ಬಿಡಲಿಲ್ಲ. ಬುಧವಾರ ತೀರಿಕೊಂಡರು.

ತಿಂಗಳಾದ ಮೇಲೆ ಅವರ ವಿದ್ಯಾರ್ಥಿಯೊಬ್ಬ ಪಾಠದ ಪ್ರತಿ ಹಿಡಿದು ಬಂದ. ಕೊನೆಯ ವಾಕ್ಯ ತೋರಿಸಿದ.

"ಇದು ನಮಗ್ಯಾರಿಗೂ ಗೊತ್ತಾಗ್ಲಿಲ್ಲ ಅಮ್ಮಾ. ಮೇಷ್ಟ್ರು ಎಲ್ಲಾ ನಿಮಗೇ ಮೊದ್ಲು ಓದಿ ಹೇಳ್ತಿದ್ರಂತೆ. ಸ್ವಲ್ಪ ಹೇಳ್ಕೊಡ್ತೀರಾ?"

ಕಾಫಿ ತರುತ್ತೇನೆಂದು ನಾನು ಒಳಗೆ ಹೋದೆ.

ಚಂದ್ರನ ಲೆಕ್ಕದಲ್ಲಿ ಆ ಒಂದು ದಿನವನ್ನು ಏಕೆ ಬಿಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.