ಕರೆಂಟೋ ಕಾಶಿಯೋ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಕೊತ್ತತ್ತಿಗೆ ಬಂದೆ. ಮುಂದೆ ಇಂಜಿನಿಯರಿಂಗ್ ಓದಬೇಕೆಂಬುದು ಗಟ್ಟಿಯಾಗಿತ್ತು, ಯಾವುದೆಂಬುದು ಆಗಿರಲಿಲ್ಲ. ಎಲೆಕ್ಟ್ರಿಕಲ್ ಆದರೆ ಬೆಂಗಳೂರಿನಲ್ಲೇ ಓದಬಹುದಿತ್ತು. ಕೆಮಿಕಲ್ ಆಗಿನ್ನೂ ಹೊಸದು, ಅದಕ್ಕೆ ಕಾಶಿಗೆ ಹೋಗಬೇಕಿತ್ತು. ಎರಡೂ ಕಡೆ ಸೀಟು ಸಿಕ್ಕಿತ್ತು.

ಕಾಶಿಯ ಮಾತನ್ನು ಅವ್ವನಿಗೆ ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಕೆಮಿಕಲ್ ಎಂದರೆ ನಮ್ಮ ಕಬ್ಬಿನ ಗಾಡಿಗಳು ಹೋಗುತ್ತಿದ್ದ ಮಂಡ್ಯದ ಸಕ್ಕರೆ ಕಾರ್ಖಾನೆ. ಕರೆಂಟು ಎಂದರೆ ಅವಳ ತಮ್ಮನ ಬಲಗೈ. ಬೆಳಕವಾಡಿಯಲ್ಲಿದ್ದ ನನ್ನ ಸೋದರಮಾವ ಗುತ್ತಿಗೆದಾರನೊಬ್ಬನ ಬಳಿ ತಂತಿ ಎಳೆಯುವ ಕೆಲಸದಲ್ಲಿದ್ದಾಗ ಶಾಕ್ ಹೊಡೆದು ಮೊಣಕೈಯಿಂದ ಕೆಳಗೆ ಕೈ ಕಳೆದುಕೊಂಡಿದ್ದ.

"ಕರೆಂಟು ಗಿರೆಂಟು ಬ್ಯಾಡ ಕಣ್ಲಾ ಮಗ," ಎನ್ನುತ್ತಿದ್ದಳು ಅವ್ವ. "ಸಕ್ರೆ ಕಾರ್ಕಾನೆ ಇಲ್ಲೇ ಅದೆ. ಬೆಳಿಗ್ಗೆ ಓಗಿ ಸಂಜಿಕೆ ಮನೆಗೆ ಬರ್ಬೌದು."

ಅವಳು ಬೇಡವೆಂದಷ್ಟೂ ನಾನು ಕರೆಂಟಿನ ಪರವಾಗಿ ವಾದಿಸುತ್ತಿದ್ದೆ. ಮಾವನೂ ನನ್ನ ಕಡೆಗೇ. ಕೊನೆಗೆ ಅವನೇ ಬಂದು, "ನಡಿ ಅಕ್ಕ, ಕರೆಂಟು ಎಲ್ಲಿ ಉಟ್ತದೆ ತೋರಿಸ್ತೀನಿ," ಎಂದು ನಮ್ಮಿಬ್ಬರನ್ನೂ ಶಿವನಸಮುದ್ರಕ್ಕೆ ಹೊರಡಿಸಿದ.

ಅಲ್ಲಿನ ಪವರ್ ಹೌಸಿನಲ್ಲಿ ಅವನಿಗೆ ಗುರುತಿನವರಿದ್ದರು. ಬೆಟ್ಟದ ಇಳಿಜಾರಿನಲ್ಲಿ ಆಳೆತ್ತರದ ಕೊಳವೆಗಳು ಸಾಲಾಗಿ ಕಣಿವೆಗೆ ಇಳಿದಿದ್ದವು. ಅವ್ವ ಮಾವನ ಮೊಂಡುಗೈಯನ್ನು ಬಿಗಿಯಾಗಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಯಂತ್ರಗಳ ಮೊರೆತ ಅಂಗಾಲಿಗೆ ತಾಗುತ್ತಿತ್ತು. ಅವಳು ಹೊರಗೆ ಬೀಳುತ್ತಿದ್ದ ನೀರನ್ನೇ ಬಗ್ಗಿ ನೋಡಿದಳು. ಆಮೇಲೆ, "ಈ ನೀರು ಆಮ್ಯಾಕೆ ಎಲ್ಲೋಯ್ತದೆ?" ಎಂದಳು.

"ತಿರ್ಗ ಒಳೆಗೇ."

"ಏನೂ ಕಮ್ಮಿ ಆಗಾಕಿಲ್ವಾ?"

"ಒಂದ್ ತೊಟ್ಟೂ ಇಲ್ಲ." ಮಾವ ತನ್ನ ಮೊಂಡುಗೈ ನೋಡಿಕೊಂಡು ಹೇಳಿದ: "ಅಕ್ಕ, ಅವತ್ತು ಲೈನಲ್ಲಿ ಕರೆಂಟು ನಿಂತದೋ ಇಲ್ವೋ ಅಂತ ನೋಡ್ದೆ ನಾನೇ ಅವ್ಸರ ಬಿದ್ದೆ. ಇವನು ಓದ್ಕಂಡು ಮಾಡೋನು."

ವಾಪಸು ಬರುವಾಗ ಮಳವಳ್ಳಿಯಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ಅವ್ವ ಎಲೆಗೆ ಸುಣ್ಣ ಸವರುತ್ತ, ನನ್ನ ಮುಖ ನೋಡದೆ ಅಂದಳು: "ಓದೋಗು. ಎದ್ರುಕೊಳ್ಳಾದು ನನ್ ಕೆಲ್ಸ. ಅದ್ನ ನಾನು ನೋಡ್ಕತೀನಿ."

ನಾನು ಕುಣಿಯಬೇಕಿತ್ತು. ಖುಷಿಯೇ ಆಗಲಿಲ್ಲ. ಅಷ್ಟು ದಿನ ಅವ್ವನೊಡನೆ ವಾದ ಮಾಡಿದ್ದೆನೇ ಹೊರತು ನನಗೇನು ಬೇಕೆಂದು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡರೆ ಬೇರೊಂದು ಚಿತ್ರ ಕಣ್ಣಿಗೆ ಬರುತ್ತಿತ್ತು. ಆ ಬೇಸಿಗೆಯ ಮೊದಲಲ್ಲಿ ಸಕ್ಕರೆ ಕಾರ್ಖಾನೆ ನೋಡಲು ಹೋದಾಗ, ಅಲ್ಲಿನವರೊಬ್ಬರು ಕುದಿಯುವ ಪಾಕದ ಒಂದು ತೊಟ್ಟನ್ನು ಗಾಜಿನ ಚೂರಿನ ಮೇಲಿಟ್ಟು ಬೆಳಕಿಗೆ ಹಿಡಿದಿದ್ದರು. ಕಂದು ಪಾಕದೊಳಗೆ ಕಣ್ಣೆದುರೇ ಹರಳುಗಳು ಮೂಡಿದ್ದವು. ನಮ್ಮ ಗದ್ದೆಯ ಕಬ್ಬಿನೊಳಗೆ ಇದು ಎಲ್ಲಿ ಅಡಗಿತ್ತು ಎಂದು ಅಂದಿನಿಂದಲೂ ಯೋಚಿಸುತ್ತಿದ್ದೆ.

ಊರಿಗೆ ಬಂದ ಮೇಲೆ, ಗದ್ದೆಗೆ ನೀರು ಕಟ್ಟುತ್ತಿದ್ದ ಅಪ್ಪನಿಗೆ ಇದನ್ನೂ ಕಾಶಿಯ ವಿಷಯವನ್ನೂ ಹೇಳಿದೆ. ಗುದ್ದಲಿ ಊರಿ ನಿಂತು ಕೇಳಿದ ಅಪ್ಪ, "ಯಾವ್ದು ನಿನ್ ನಿದ್ದೆ ಕೆಡಿಸ್ತದೋ ಅದ್ನೇ ಓದು," ಎಂದ. "ಆದ್ರೆ ಅವ್ವಂಗೆ ನೀನೇ ಏಳು. ನಾನು ಏಳಾಕಿಲ್ಲ."

ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಕೆಮಿಕಲ್ಲೇ ಓದುತ್ತೇನೆಂದಾಗ ಅವಳ ಮುಖ ಅರಳಿತು. "ಮಂಡ್ಯದಲ್ಲೇ ತಾನೇ?"

"ಇಲ್ಲ ಕಣವ್ವ, ಕಾಶೀಲಿ."

ತೊಳಸುವ ಕೋಲು ನಿಂತಿತು. "ಕಾಸಿಗಾ? ಊರೋರು ವಯಸ್ಸಾದ್ಮೇಲೆ ಓಯ್ತಾರೆ, ನೀನು ಮೀಸೆ ಬಲಿಯಕ್ಕೂ ಮುಂಚೆ ಓಯ್ತೀಯಾ? ಜೀವ ಕೈಲಿಡ್ಕಂಡು ಆ ಮೆಟ್ಲು ಇಳ್ದು, ಎದೆ ಗಟ್ಟಿ ಮಾಡ್ಕಂಡು ಬಂದಿವ್ನಿ. ಈಗ ಏಳ್ತೀಯಲ್ಲೋ! ಬೆಂಗ್ಳೂರಲ್ಲಿ ಕರೆಂಟೇ ಓದ್ಲಾ!"

ನನಗೆ ನಗುವೂ ಬಂತು, ಅಳುವೂ ಬಂತು. ಅವಳಂತೂ ಅತ್ತೇಬಿಟ್ಟಳು.

ಮಾವನಿಗೆ ಸುದ್ದಿ ಮುಟ್ಟಿ ಅವನು ಬಂದಾಗ ನಾನು ತಲೆ ಎತ್ತಲಿಲ್ಲ. ಅವನು ಜಗಲಿಯ ಮೇಲೆ ನನ್ನ ಪಕ್ಕ ಕುಳಿತ. "ನೀನು ಕರೆಂಟು ಓದ್ಲಿ ಅಂತ ನಂಗೆ ಆಸೆ ಇತ್ತು. ಇಲ್ಲ ಅನ್ನಾಕಿಲ್ಲ. ಆದ್ರೆ ನನ್ ಆಸೆ ಒತ್ಕಂಡು ನೀನ್ಯಾಕ್ಲಾ ಓದ್ಬೇಕು? ಬುಡು," ಎಂದು ಎದ್ದು ಒಳಗೆ ಹೋದ. ಅಕ್ಕನ ಹತ್ತಿರ ಏನು ಮಾತಾಡಿದನೋ ತಿಳಿಯದು. ಮರುದಿನ ಅವ್ವ ದಾರಿಗೆಂದು ಹುರಿಹಿಟ್ಟಿಗೆ ರಾಗಿ ನೆನೆಹಾಕಿದಳು.

ಮುಂದಿನ ಬೇಸಿಗೆ ರಜಕ್ಕೆ ಬಂದಾಗ ಮಾವನೂ ಬಂದಿದ್ದ. ಏನು ಕಲಿತೆ ಎಂದು ಅವ್ವ ಕೇಳಿದಳು. ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ, ಗಂಧಕ ಉರಿಸಿದ ಹೊಗೆ ಹಾಯಿಸಿ ತಿಳಿ ಮಾಡುವುದನ್ನು ವಿವರಿಸಿದೆ.

"ಗಂದಕವಾ?" ಅವ್ವ ಬೆಚ್ಚಿದಳು. "ಪಟಾಕಿಗೆ ಆಕೋದಲ್ವಾ ಅದು? ಉಸಾರು ಕಣ್ಲಾ ಮಗ!"

ಮಾವ ಕೆಮ್ಮು ಬರುವಷ್ಟು ನಕ್ಕ.