ಮಾವಶಿಯ ಕಡೆ ಹೋದ ಗಾಳಿ

ಉದ್ಯಮಬಾಗದ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ಹೋದ ವಾರ ಯಾರೋ ಬೆಳ್ಳುಳ್ಳಿ ಒಗ್ಗರಣೆಯ ಡಬ್ಬಿ ಬಿಚ್ಚಿದರು. ಗಾಜಿನ ರೂಮು, ತೆರೆಯದ ಕಿಟಕಿ, ಮೇಲೊಂದು ಎಸಿ. ಮಧ್ಯಾಹ್ನದ ಒಗ್ಗರಣೆ ಸಂಜೆಯ ಮೀಟಿಂಗಿಗೂ ಹಾಜರಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಖಾನಾಪುರದ ನಮ್ಮ ಮನೆಯ ಗೋಡೆ ನೆನಪಾಯಿತು... ಗೋಡೆಯಾಚೆಯ ಮಾವಶಿಯೂ. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಪಕ್ಕದ ಮನೆಯವರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು.

ನಮ್ಮವು ಸಾಲುಮನೆಗಳು. ಹೆಂಚಿನ ಸೂರು ಒಂದೇ, ನಡುವೆ ಗೋಡೆ. ಆ ಗೋಡೆ ಸೂರಿನ ತನಕ ಮುಟ್ಟುತ್ತಿರಲಿಲ್ಲ. ಮೇಲೆ ಮೊಳದಷ್ಟು ಸಂದಿ. ಮಲಪ್ರಭೆಯ ಕಡೆಗಿದ್ದ ನಮ್ಮ ಹಿತ್ತಲ ಬಾಗಿಲಿಂದ ಬಂದ ಗಾಳಿ ಪಡಸಾಲೆ ದಾಟಿ, ಬಿಸಿಯಾಗಿ ಮೇಲೇರಿ, ಸಂದಿ ಹಾಯ್ದು, ಮಾವಶಿಯ ಸೂರಿನಲ್ಲಿದ್ದ ಗಾಳಿಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಸೆಕೆ, ಒಗ್ಗರಣೆಯ ಘಾಟು ಎಲ್ಲ ಅತ್ತಲೇ. ಅತ್ತಲಿಂದ ಇತ್ತ ಬರುತ್ತಿದ್ದದ್ದು ಒಂದೇ, ಮಾವಶಿಯ ದನಿ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಾಗುತ್ತ "ಮಾನ್ಯ ಅಧ್ಯಕ್ಷರೇ" ಅಂದರೆ ಸಾಕು, "ಅಧ್ಯಕ್ಷರು ಊಟಕ್ಕ ಕುಂತಾರ, ಲಗೂ ಮುಗಸ ಪೋರಿ!" ಅನ್ನೋರು. ಮುಖ ತೋರಿಸದೆ ನನ್ನನ್ನು ಸೋಲಿಸಿದ ಪ್ರತಿವಾದಿ ಅವರೊಬ್ಬರೇ.

ಅನಾಹುತವಾದದ್ದು ಅಪ್ಪನಿಂದ. ಒಂದು ದಿನ ಭಜಿ ತಿನ್ನುತ್ತ, ರಜೆ ಕೇಳಲು ಆಫೀಸಿನ ಸಾಹೇಬರಿಗೆ ಫೋನು ಹಚ್ಚಿ, ನರಳುತ್ತ, "ಜ್ವರ ಬಂದೈತ್ರಿ ಸರ" ಅಂದ. ಮೇಲಿಂದ ಬಂತು:

"ಜ್ವರದಾಗ ಭಜಿ ತಿನ್ನಬಾರದರೀ ಭಾವೂ!"

ಸಾಹೇಬರಿಗೂ ಕೇಳಿಸಿತು. ಸಂದಿಗೆ ಇಟ್ಟಂಗಿ ಕಟ್ಟಿಸಿಯೇ ಬಿಡುತ್ತೇನೆಂದು ಅಪ್ಪ ಕೂಗಾಡಿದ.

ಅವತ್ತು ಮಾವಶಿ ಗೋಡೆಯ ಮೇಲಿಂದಲ್ಲ, ಮುಂಬಾಗಿಲಿಂದ ಬಂದರು. ದನಿ ಇಳಿದಿತ್ತು. "ಪೋರಿ, ನನ್ನ ಮನೀಗೆ ಹಿಂದ ಬಾಗಲಾ ಇಲ್ಲ, ಕಿಡಕಿ ಇಲ್ಲ. ಆ ಸಂದಿ ಮುಚ್ಚಿದ್ರ ಬ್ಯಾಸಗ್ಯಾಗ ಒಳಗ ಕುಂದರಾಕ ಆಗೂದಿಲ್ಲ. ನೀ ಡಿಬೇಟ್ ಕಲತಾಕಿ, ನನ್ನ ಕಡಿಂದ ಮಾತಾಡು."

ಪುರಾವೆಯಿಲ್ಲದೆ ನಾನು ದೇವರನ್ನೂ ಒಪ್ಪುವವಳಲ್ಲ. ಊದುಬತ್ತಿ ಹಚ್ಚಿ ಗೋಡೆಯ ಹತ್ತಿರ ಹಿಡಿದೆ. ಹೊಗೆ ನೆಟ್ಟಗೆ ಮೇಲೇರಿ ಅತ್ತ ಜಾರಿತು. "ನೋಡಪ್ಪ, ಬಿಸಿಗಾಳಿ ಹಿಂಗ ಹೊರಗ ಹೋಗತೈತಿ. ಅದು ಹೋದ್ರನ ಹಿತ್ತಲದಿಂದ ತಂಪು ಬರೂದು."

ಅಪ್ಪ ಹೊಗೆಯನ್ನೇ ದಿಟ್ಟಿಸಿದ. "ಅಂದ್ರ ನಮ್ಮ ಗಾಳಿ ಅಕಿ ಕದಿಯಾಕತ್ತಾಳ ಅನ್ನು!"

ನನ್ನದೇ ಪುರಾವೆಯಿಂದ ನಾನು ಸೋತ ಚರ್ಚೆ ಅದು.

ಕೊನೆಗೊಂದು ರಾಜಿ: ಇಟ್ಟಂಗಿಗಿಂತ ಮೊದಲು ಗೋಣಿಚೀಲ ತುರುಕಿ ನೋಡೋದು. ತುರುಕಿದೆವು. ಏಪ್ರಿಲ್ ಬಿಸಿಲು. ಫ್ಯಾನು ಇದ್ದ ಸೆಕೆಯನ್ನೇ ಕಲಸಿ ಕಲಸಿ ಬಡಿಸುತ್ತಿತ್ತು. ಅಪ್ಪ ಬನಿಯನ್ನು ಹಿಂಡುತ್ತ "ಎಷ್ಟ ಶಾಂತ ಐತಿ ನೋಡು ಮನಿ" ಅನ್ನುತ್ತಿದ್ದ. ಮಾವಶಿ ದಿನವಿಡೀ ಹೊರಗಿನ ಕಟ್ಟೆಯ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿರುತ್ತಿದ್ದರು. ನನ್ನನ್ನು ಕಂಡರೆ ಬೈಯುತ್ತಲೂ ಇರಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ...

ಒಂದು ಮಧ್ಯಾಹ್ನ, ನಾನು ನಿದ್ದೆ ಮಾಡುತ್ತಿದ್ದೇನೆಂದು ತಿಳಿದು ಅಪ್ಪ ಸದ್ದಿಲ್ಲದೆ ಸ್ಟೂಲು ಹತ್ತಿದ. ಚೀಲದ ತುದಿ ಹಿಡಿದು ಎಳೆದ. ಚೀಲ ಅತ್ತ ಜಗ್ಗಿತು. ಇತ್ತ ಎಳೆದ, ಮತ್ತೆ ಅತ್ತ ಹೋಯಿತು.

"ಯಾರದು?"

"ಗಾಳಿ ರೀ, ಗಾಳಿ!"

ಚೀಲ ಹರಿದು ಇಬ್ಬರ ಮೇಲೂ ಧೂಳು ಸುರಿಯಿತು. ಗೋಡೆಯ ಎರಡೂ ಕಡೆ ಸೀನು, ಆಮೇಲೆ ನಗು. ಇಟ್ಟಂಗಿಯ ಮಾತು ಅಲ್ಲಿಗೇ ಮುಗಿಯಿತು. ಅಂದಿನಿಂದ ಅಪ್ಪ ಫೋನನ್ನು ಹಿತ್ತಲಿಗೆ ಒಯ್ಯತೊಡಗಿದ.

ಮಾವಶಿ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿದ್ದಿದೆ. ಗಾಳಿಕಿಂಡಿ ಮಾತ್ರ ತೆರೆದೇ ಇದೆ, ಹಾಗಾಗಿ ನಮ್ಮ ಮನೆ ಈಗಲೂ ತಂಪು. ಮೊನ್ನೆ ಊರಿಗೆ ಹೋದಾಗ ಅಪ್ಪ ಪಡಸಾಲೆಯಲ್ಲೇ ನಿಂತು ಫೋನು ಹಚ್ಚಿದ. "ಸರ, ಜ್ವರಾ..." ಅಂದವನು ನಿಲ್ಲಿಸಿ, ಸಂದಿಯ ಕಡೆ ಕತ್ತೆತ್ತಿದ. ಕಾದ. ಪುರಾವೆಯಿಲ್ಲದೆ ಏನನ್ನೂ ನಂಬದ ನಾನೂ ಕಾದೆ. ಯಾರೂ ವಿರೋಧಿಸಲಿಲ್ಲ.

"ಇಲ್ರಿ ಸರ, ಆರಾಮ ಅದೀನಿ. ಬರ್ತೀನಿ" ಅಂದು ಅಪ್ಪ ಅಂಗಿ ಹುಡುಕತೊಡಗಿದ.